ಟ್ರ್ಯಾಬ್ ಆಪರೇಷನ್ನಲ್ಲಿ ಎಂಎಂಸಿ: ಸ್ಪಂಜಲ್ಲಿ ಇಡೋದಾ, ಇಂಜೆಕ್ಷನ್ ಕೊಡೋದಾ? ಟೇಬಲ್ ಪಕ್ಕ ನಿಂತು ಕಲ್ತಿದ್ದು

ಗ್ಲಾಕೊಮಾ (ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಶರ್ ಏರಿ ದೃಷ್ಟಿ ನರ ಹಾಳಾಗೋ ಕಾಯಿಲೆ) ಓಟಿಗೆ ಹೊಸದಾಗಿ ಬಂದಿರೋ ಸಿಸ್ಟರ್‌ಗಳಿಗೆ, ಓಟಿ ಟೆಕ್ನಿಷಿಯನ್‌ಗಳಿಗೆ ಅಂತ ಬರೀತಿದೀನಿ, ಪಿಜಿ ಮಾಡ್ತಿರೋ ಡಾಕ್ಟ್ರುಗಳು ಓದಿದ್ರೂ ಒಳ್ಳೇದೇ. ಟ್ರ್ಯಾಬ್ ಅಂದ್ರೆ ಟ್ರ್ಯಾಬೆಕ್ಯುಲೆಕ್ಟಮಿ, ಗ್ಲಾಕೊಮಾಗೆ ಮಾಡೋ ಆಪರೇಷನ್. ಎಂಎಂಸಿ ಅಂದ್ರೆ ಮೈಟೋಮೈಸಿನ್-ಸಿ, ಆ ಆಪರೇಷನ್ನಲ್ಲಿ ಮಾಡಿದ ದಾರಿ ಮುಚ್ಕೊಳ್ದೇ ಇರ್ಲಿ ಅಂತ ಮುಟ್ಟಿಸೋ ಔಷಧಿ. ನಾನು ಡಾಕ್ಟರ್ ಅಲ್ಲ, ಕಣ್ಣಾಸ್ಪತ್ರೆ ಓಟಿಯಲ್ಲಿ ಸ್ಕ್ರಬ್ ನಿಲ್ಲೋಳು. ಯಾವ ಪೇಷಂಟ್‌ಗೆ ಎಷ್ಟು ಔಷಧಿ, ಯಾವ ದಾರೀಲಿ ಅನ್ನೋದು ಸರ್ಜನ್ ತೀರ್ಮಾನ. ಆದ್ರೆ ಆ ಔಷಧಿ ಕಲಸೋದು, ಲೇಬಲ್ ಹಚ್ಚೋದು, ಸ್ಪಂಜ್ ಕತ್ತರಿಸೋದು, ಗಡಿಯಾರ ನೋಡೋದು, ಕೊನೆಗೆ ಸ್ಪಂಜ್ ವಾಪಸ್ ಎಣಿಸ್ಕೊಳ್ಳೋದು, ಇದೆಲ್ಲ ನಮ್ಮ ಕೈಯಲ್ಲಿರತ್ತೆ, ಇದರಲ್ಲಿ ಯಾವುದು ತಪ್ಪಿದ್ರೂ ಎಷ್ಟು ಒಳ್ಳೆ ಸರ್ಜನ್ ಇದ್ರೂ ಆ ಕಣ್ಣಿಗೆ ತೊಂದ್ರೆ ತಪ್ಪಲ್ಲ.

ಮೊದ್ಲು ಈ ಔಷಧಿ ಯಾಕೆ ಬೇಕು ಅಂತ ಅರ್ಥ ಆಗ್ಬೇಕು, ಅದು ಅರ್ಥ ಆದ್ರೆ ಮಿಕ್ಕಿದ್ದು ನೆನಪಿಟ್ಕೊಳ್ಳೋದು ಸುಲಭ. ಬೇರೆ ಎಲ್ಲಾ ಆಪರೇಷನ್ನಲ್ಲಿ ಗಾಯ ಬೇಗ ಮಾಯ್ಲಿ ಅಂತ ಕಾಯ್ತೀವಿ. ಟ್ರ್ಯಾಬೆಕ್ಯುಲೆಕ್ಟಮಿಯಲ್ಲಿ ಗಾಯ ಪೂರ್ತಿ ಮಾಯ್ದ್ರೆ ಆಪರೇಷನ್ ಫೇಲ್ ಅಂತಾನೇ ಲೆಕ್ಕ. ಕಣ್ಣೊಳಗಿನ ನೀರು ಹೊರಗೆ ಹೋಗೋಕೆ ಮೇಲ್ರೆಪ್ಪೆ ಮುಚ್ಚೋ ಜಾಗದಲ್ಲಿ ಸ್ಕ್ಲೀರಾದಲ್ಲಿ (ಕಣ್ಣಿನ ಬಿಳಿ ಗೋಡೆ) ಅರ್ಧ ದಪ್ಪದ ಒಂದು ಪುಟ್ಟ ಮುಚ್ಚಳ (ಫ್ಲಾಪ್) ಮಾಡಿ, ಅದರಡಿ ತೂತು ಮಾಡಿ, ಮುಚ್ಚಳಕ್ಕೆ ಸಡಿಲವಾಗಿ ಹೊಲಿಗೆ ಹಾಕಿ, ಮೇಲೆ ಕಂಜಂಕ್ಟೈವಾ (ಬಿಳಿ ಗೋಡೆ ಮೇಲಿನ ತೆಳು ಪದರ) ಮುಚ್ತಾರೆ. ನೀರು ನಿಧಾನಕ್ಕೆ ಒಸರಿ ಕಂಜಂಕ್ಟೈವಾ ಅಡಿ ಸೇರ್ಕೊಂಡು ಸಣ್ಣ ಉಬ್ಬು ಥರ ಆಗತ್ತೆ, ಅದನ್ನೇ ಬ್ಲೆಬ್ ಅನ್ನೋದು. ಕೇಂಬ್ರಿಡ್ಜ್‌ನ ಕೇರ್ನ್ಸ್ ಅನ್ನೋ ಸರ್ಜನ್ 1968ರಲ್ಲಿ ಈ ಆಪರೇಷನ್ ಬಗ್ಗೆ ಬರೆದ್ರು, ಮೂಲ ಕ್ರಮ ಇವತ್ತಿಗೂ ಹೆಚ್ಚುಕಮ್ಮಿ ಅದೇ. ತೊಂದ್ರೆ ಏನಂದ್ರೆ, ದೇಹಕ್ಕೆ ಇದು ಬೇಕಂತ ಮಾಡಿರೋ ದಾರಿ ಅಂತ ಗೊತ್ತಾಗಲ್ಲ, ಗಾಯ ಅಂದ್ಕೊಂಡು ಫೈಬ್ರೋಬ್ಲಾಸ್ಟ್ ಅನ್ನೋ ಜೀವಕೋಶಗಳು ಬಂದು ಕಂಜಂಕ್ಟೈವಾ ಅಡಿಯ ಟೀನನ್ಸ್ ಪದರದಲ್ಲಿ ನಾರು ಹೆಣೆದು ಮುಚ್ಚಿಬಿಡ್ತಾವೆ. ಬ್ಲೆಬ್ ಚಪ್ಪಟೆ, ಪ್ರೆಶರ್ ಮತ್ತೆ ಮೇಲೆ.

ಇದನ್ನ ತಡೆಯೋಕೆ ಮೊದ್ಲು ಬಂದಿದ್ದು 5-ಫ್ಲೋರೋಯುರಾಸಿಲ್, ಅಂದ್ರೆ 5-ಎಫ್‌ಯು. ಅಮೆರಿಕದಲ್ಲಿ 1980ರ ದಶಕದಲ್ಲಿ ಶುರುವಾದ ದೊಡ್ಡ ಟ್ರಯಲ್‌ನಲ್ಲಿ ಆಪರೇಷನ್ ಆದ್ಮೇಲೆ ಮೊದಲ ವಾರ ದಿನಕ್ಕೆ ಎರಡು ಸಲ, ಎರಡನೇ ವಾರ ದಿನಕ್ಕೊಂದು ಸಲ, ಒಟ್ಟು 21 ಇಂಜೆಕ್ಷನ್ ಕಂಜಂಕ್ಟೈವಾ ಅಡಿಗೇ ಕೊಟ್ಟಿದ್ರು. ಕೆಲಸ ಮಾಡ್ತು, ಆದ್ರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮೇಲ್ಪದರ ಸುಲಿದು ಪೇಷಂಟ್‌ಗಳಿಗೆ ವಿಪರೀತ ಉರಿ. ನಮ್ಮ ಕಡೆ ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬರೋ ಅಜ್ಜಿಗೆ ಹದಿನಾಲ್ಕು ದಿನ ದಿನಾ ಬನ್ನಿ ಅಂತ ಯಾವ ಬಾಯಲ್ಲಿ ಹೇಳೋದು. 1983ರಲ್ಲಿ ತೈವಾನ್‌ನ ಚೆನ್ ಅನ್ನೋ ಡಾಕ್ಟ್ರು ಮೈಟೋಮೈಸಿನ್-ಸಿ ಬಗ್ಗೆ ಬರೆದ್ರು, ಟೇಬಲ್ ಮೇಲೆ ಒಂದೇ ಸಲ ಇಟ್ಟು ತೆಗೆದ್ರೆ ಸಾಕು. 5-ಎಫ್‌ಯು ಜೀವಕೋಶಗಳು ಬೆಳೆಯೋದನ್ನ ಸ್ವಲ್ಪ ದಿನ ತಡೆಹಿಡಿಯತ್ತೆ ಅಷ್ಟೇ, ಎಂಎಂಸಿ ಹಾಗಲ್ಲ, ಜೀವಕೋಶದ ಡಿಎನ್‌ಎ ಎಳೆಗಳನ್ನೇ ಒಂದಕ್ಕೊಂದು ಕಟ್ಟಿಹಾಕತ್ತೆ, ಅದಕ್ಕೇ ಕೆಲವೇ ನಿಮಿಷ ಇಟ್ಟರೂ ಪರಿಣಾಮ ತಿಂಗಳು, ವರ್ಷಗಟ್ಟಲೆ. ಒಳ್ಳೇದಕ್ಕೂ ಅಷ್ಟೇ, ಕೆಟ್ಟದ್ದಕ್ಕೂ ಅಷ್ಟೇ.

ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಫಾರ್ಮಸಿಯಿಂದ ವಯಲ್ ತರೋಕೆ ಕಳಿಸಿದ್ರೆ ಪೇಷಂಟ್ ಕಡೆಯವ್ರು ಮೊಬೈಲಲ್ಲಿ ಹೆಸರು ಹಾಕಿ ನೋಡ್ತಾರೆ, ಮುಖ ಬಿಳುಚ್ಕೊಂಡು ವಾಪಸ್ ಬರ್ತಾರೆ. "ಸಿಸ್ಟರ್, ನಮ್ಮಮ್ಮಂಗೆ ಕ್ಯಾನ್ಸರಾ? ಯಾಕೆ ನಮ್ಗೆ ಹೇಳ್ಲಿಲ್ಲ?" ಅಂತ ಒಬ್ಬ ಹುಡುಗ ಓಟಿ ಬಾಗಿಲಲ್ಲಿ ಅಳೋಕೇ ಶುರು ಮಾಡಿದ್ದ. ಅವತ್ತಿಂದ ನಾನು ಚೀಟಿ ಕೊಡುವಾಗ್ಲೇ ಹೇಳ್ತೀನಿ, "ನೋಡಪ್ಪ, ಇದು ಕ್ಯಾನ್ಸರ್‌ಗೂ ಕೊಡೋ ಔಷಧಿ, ನಿಮ್ಮಮ್ಮಂಗೆ ಆ ಕಾಯಿಲೆ ಇಲ್ಲ, ಕಣ್ಣಲ್ಲಿ ಮಾಡೋ ದಾರಿ ಮುಚ್ಕೊಳ್ಬಾರ್ದು ಅಂತ ಒಂದು ಚೂರು ಮುಟ್ಟಿಸ್ತೀವಿ, ರಕ್ತಕ್ಕೆ ಕೊಡಲ್ಲ" ಅಂತ. ದಯವಿಟ್ಟು ನೀವೂ ಹೇಳಿ. ಎರಡು ನಿಮಿಷದ ಮಾತು, ಆದ್ರೆ ಆ ಮನೆಯವ್ರು ಆಪರೇಷನ್ ಮುಗಿಯೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡು ಕೂರೋದು ತಪ್ಪತ್ತೆ.

ಕಲಸೋದು

ಎಂಎಂಸಿ ಪುಡಿ ರೂಪದಲ್ಲಿ ಬರತ್ತೆ, ನೀಲಿ-ನೇರಳೆ ಬಣ್ಣ, ಕರಗಿಸಿದ್ರೂ ನೇರಳೆ ನೀರು. ನಮ್ಮಲ್ಲಿ ಜಾಸ್ತಿ ಬಳಸೋದು 2 ಎಂಜಿ ವಯಲ್. ಅದಕ್ಕೆ 5 ಎಂಎಲ್ ಸ್ಟೆರೈಲ್ ವಾಟರ್ ಹಾಕಿದ್ರೆ ಒಂದು ಎಂಎಲ್‌ಗೆ 0.4 ಎಂಜಿ. ಅದರಿಂದ 1 ಎಂಎಲ್ ತಗೊಂಡು 1 ಎಂಎಲ್ ಬಿಎಸ್‌ಎಸ್ (ಕಣ್ಣು ತೊಳೆಯೋಕೆ ಬಳಸೋ ಉಪ್ಪಿನ ದ್ರಾವಣ) ಸೇರಿಸಿದ್ರೆ 0.2. ಆ 0.2ರಿಂದ 1 ಎಂಎಲ್ ತಗೊಂಡು ಮತ್ತೆ 1 ಎಂಎಲ್ ಸೇರಿಸಿದ್ರೆ 0.1. ಇಷ್ಟೇ ಲೆಕ್ಕ, ಆದ್ರೆ ಇದನ್ನ ಮನಸ್ಸಲ್ಲೇ ಮಾಡ್ಬೇಡಿ, ಒಂದು ಪೇಪರ್ ಮೇಲೆ ಬರೆದು ಇನ್ನೊಬ್ರಿಗೆ ತೋರ್ಸಿ. ಎಂಎಂಸಿ 10 ಎಂಜಿ ವಯಲ್‌ನಲ್ಲೂ ಬರತ್ತೆ, ಸ್ಟಾಕ್ ಇಲ್ದೇ ಇದ್ದಾಗ ಫಾರ್ಮಸಿಯವ್ರು ಅದನ್ನ ಕಳಿಸಿಬಿಟ್ರೆ, ನೀವು ದಿನಾ ಮಾಡೋ ಹಾಗೆ ಅಭ್ಯಾಸಬಲದಲ್ಲಿ 5 ಎಂಎಲ್ ಹಾಕಿಬಿಟ್ರೆ ಐದು ಪಟ್ಟು ಸ್ಟ್ರಾಂಗ್ ಔಷಧಿ ರೆಡಿ ಆಗಿರತ್ತೆ, ಬಣ್ಣ ನೋಡಿ ಗಾಢ ಇದೆ ಅನ್ಸಿದ್ರೂ ಲೈಟ್ ಬೆಳಕಲ್ಲಿ ಯಾರೂ ಗ್ಯಾರಂಟಿ ಹೇಳೋಕಾಗಲ್ಲ. ವಯಲ್ ಮೇಲೆ ಎಷ್ಟು ಎಂಜಿ ಅಂತ ಪ್ರತಿ ಸಲ, ಪ್ರತಿ ಕೇಸ್‌ಗೂ, ಬಾಯಿಬಿಟ್ಟು ಓದಿ.

ಪುಡಿ ತಕ್ಷಣ ಕರಗಲ್ಲ, ಅವಸರ ಮಾಡಿದ್ರೆ ತಳದಲ್ಲಿ ಕಣ ಉಳ್ಕೊಂಡಿರತ್ತೆ, ಮೇಲಿನ ನೀರು ತೆಳು, ಕೆಳಗಿನದು ಗಟ್ಟಿ. ಪೇಷಂಟ್‌ಗೆ ಬ್ಲಾಕ್ (ಕಣ್ಣು ಮರಗಟ್ಟಿಸೋ ಇಂಜೆಕ್ಷನ್) ಕೊಡೋ ಹೊತ್ತಿಗೇ ಸರ್ಕ್ಯುಲೇಟಿಂಗ್ ಸಿಸ್ಟರ್‌ಗೆ ಹೇಳಿ ಕಲಸೋಕೆ ಶುರು ಮಾಡಿಸ್ಬೇಕು, ಬೆಳಕಿಗೆ ಹಿಡಿದು ನೋಡಿ ಕಣ ಇಲ್ಲ ಅಂತ ಖಾತ್ರಿ ಆದ್ಮೇಲೇ ಎಳ್ಕೋಬೇಕು. ಆವತ್ತಿಂದು ಆವತ್ತಿಗೇ, ಉಳಿದಿದ್ದನ್ನ ನಾಳೆಗೆ ಅಂತ ಫ್ರಿಜ್‌ನಲ್ಲಿ ಎತ್ತಿಡೋ ಉಳಿತಾಯ ಬೇಡವೇ ಬೇಡ.

ಇನ್ನು ಲೇಬಲ್. ನನ್ನ ಅನುಭವದಲ್ಲಿ ಜಾಸ್ತಿ ಗೊಂದಲ ಆಗೋದು ಇಲ್ಲೇ. ಒಬ್ಬ ಡಾಕ್ಟ್ರು "0.2" ಅಂತಾರೆ, ಇನ್ನೊಬ್ರು "ಪಾಯಿಂಟ್ ಜೀರೋ ಟೂ" ಅಂತಾರೆ, ಇಬ್ರೂ ಹೇಳ್ತಿರೋದು ಒಂದೇ ಔಷಧಿ, ಯಾಕಂದ್ರೆ ಎಂಎಲ್‌ಗೆ 0.2 ಎಂಜಿ ಅಂದ್ರೂ 0.02 ಪರ್ಸೆಂಟ್ ಅಂದ್ರೂ ಒಂದೇ. ಹೊಸ ಹುಡುಗಿಗೆ ಇದು ಗೊತ್ತಿಲ್ದೆ ಹೋದ್ರೆ ಹತ್ತು ಪಟ್ಟು ತಪ್ಪಾಗತ್ತೆ. ನಮ್ಮ ಟೇಬಲ್‌ನಲ್ಲಿ ಪರ್ಸೆಂಟ್ ಅನ್ನೋ ಮಾತೇ ಆಡಲ್ಲ, ಲೇಬಲ್ ಮೇಲೆ ಎಂಜಿ/ಎಂಎಲ್ ಮಾತ್ರ, ಅದರ ಕೆಳಗೆ "ಸ್ಪಂಜ್" ಅಥವಾ "ಇಂಜೆಕ್ಷನ್" ಅಂತ ದೊಡ್ಡದಾಗಿ. ಯಾಕೆ ಅಂತ ಮುಂದೆ ಓದ್ತಾ ಹೋದ್ರೆ ಗೊತ್ತಾಗತ್ತೆ.

ಗ್ಲೌಸ್ ಎರಡು ಜೊತೆ ಹಾಕ್ಕೊಳ್ಳಿ. ಬಸುರಿ ಇರೋವ್ರು, ಆಗಿರಬಹುದು ಅನ್ನೋ ಅನುಮಾನ ಇರೋವ್ರು ಕೂಡ ಈ ಔಷಧಿ ಮುಟ್ಟೋದು ಬೇಡ, ಸಂಕೋಚ ಪಡ್ದೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ ಕೇಸ್ ಬದಲಾಯಿಸ್ಕೊಳ್ಳಿ, ಇದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ.

ಸ್ಪಂಜ್ ದಾರಿ

ಇದು ಹಳೇ ದಾರಿ, ಈಗ್ಲೂ ಬಹಳ ಸರ್ಜನ್‌ಗಳು ಇದನ್ನೇ ಮಾಡ್ತಾರೆ. ಕಂಜಂಕ್ಟೈವಾನ ಲಿಂಬಸ್ (ಕಾರ್ನಿಯಾ, ಸ್ಕ್ಲೀರಾ ಸೇರೋ ಗೆರೆ) ಹತ್ರ ಬಿಡಿಸಿ, ಟೀನನ್ಸ್ ಅಡಿ ಮೊಂಡು ಕತ್ತರಿಯಿಂದ ಹಿಂದಕ್ಕೆ ಜೇಬು ಥರ ಜಾಗ ಮಾಡ್ತಾರೆ, ರಕ್ತ ನಿಲ್ಲಿಸ್ತಾರೆ, ಆಮೇಲೆ ಔಷಧಿಯಲ್ಲಿ ನೆನೆಸಿದ ಚಿಕ್ಕ ಚಿಕ್ಕ ಸ್ಪಂಜ್ ತುಂಡುಗಳನ್ನ ಆ ಜೇಬಿನೊಳಗೆ ಇಡ್ತಾರೆ.

ಸ್ಪಂಜ್ ಯಾವುದು ಅನ್ನೋದೇ ಒಂದು ದೊಡ್ಡ ವಿಷಯ. ಕೈಗೆ ಸಿಕ್ಕ, ಈಟಿ ಆಕಾರದ ಸೆಲ್ಯುಲೋಸ್ ಸ್ಪಿಯರ್‌ನ ತುದಿ ಕತ್ತರಿಸಿ ಇಡೋದು ಎಲ್ಲಾ ಕಡೆ ರೂಢಿ, ಆದ್ರೆ ಅದು ಒದ್ದೆ ಆದ್ಮೇಲೆ ಮೆತ್ತಗಾಗಿ ಪುಡಿ ಉದುರತ್ತೆ, ಎಳೀವಾಗ ಅರ್ಧ ಕೈಗೆ ಬಂದು ಅರ್ಧ ಒಳಗೇ ಉಳಿಯೋ ಭಯ. ಪಾಲಿವಿನೈಲ್ ಆಲ್ಕೋಹಾಲ್ ಸ್ಪಂಜ್ ಗಟ್ಟಿ, ಪುಡಿ ಆಗಲ್ಲ, ಇಡೀದಾಗಿ ವಾಪಸ್ ಬರತ್ತೆ, ಸಿಗೋದಾದ್ರೆ ಅದೇ ಇಟ್ಕೊಳ್ಳಿ. ಕತ್ತರಿಸೋದು ಒಣಗಿರುವಾಗ್ಲೇ, ಎಲ್ಲಾ ಒಂದೇ ಅಳತೆ, ಅಂಚು ನೀಟಾಗಿ. ಎಷ್ಟು ತುಂಡು ಅಂತ ಸರ್ಜನ್‌ಗೆ ಹೇಳಿ, ಬೋರ್ಡ್ ಮೇಲೆ ಬರೆಸಿ. ಔಷಧಿಯಲ್ಲಿ ನೆನೆಸಿ ತೊಟ್ಟಿಕ್ಕೋವಷ್ಟು ಇರ್ಬಾರ್ದು, ತೊಟ್ಟಿಕ್ಕಿದ್ರೆ ಔಷಧಿ ಕಂಜಂಕ್ಟೈವಾ ಅಂಚಿಗೆ, ಕಾರ್ನಿಯಾಗೆ ಹರಿಯತ್ತೆ.

ಇಡುವಾಗ ಎರಡು ಮಾತು. ಒಂದು, ಹಿಂದಕ್ಕೆ ಮತ್ತು ಅಗಲಕ್ಕೆ. ಮುಂಚೆ ಒಂದೇ ಸ್ಪಂಜ್‌ನ ಫ್ಲಾಪ್ ಜಾಗದ ಮೇಲೇ ಇಡ್ತಿದ್ರು, ಹಾಗೆ ಮಾಡಿದ್ರೆ ಆ ಚಿಕ್ಕ ಜಾಗ ಸುಟ್ಟ ಹಾಗೆ ಬಿಳಿಚಿ ತೆಳ್ಳಗಾಗತ್ತೆ, ಅದರ ಸುತ್ತ ಔಷಧಿ ತಾಗದ ಕಡೆ ನಾರು ಬೆಳೆದು ಬಳೆ ತೊಡಿಸಿದ ಹಾಗೆ ಬಿಗಿಯತ್ತೆ, ನೀರು ಹಿಂದಕ್ಕೆ ಹೋಗೋಕಾಗ್ದೆ ಮುಂದೆ ಲಿಂಬಸ್ ಹತ್ರವೇ ನಿಂತು ಬಲೂನ್ ಥರ ತೆಳು ಬ್ಲೆಬ್ ಆಗತ್ತೆ. ಅಂಥ ಬ್ಲೆಬ್ ವರ್ಷಗಳಾದ್ಮೇಲೂ ಸೋರಬಹುದು, ಇನ್ಫೆಕ್ಷನ್ ಆಗಿ ಕಣ್ಣೇ ಹೋಗಬಹುದು. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಪೆಂಗ್ ಖಾ ಮತ್ತವರ ತಂಡದವ್ರು ಔಷಧಿನ ದೊಡ್ಡ ಜಾಗಕ್ಕೆ, ಹಿಂದಕ್ಕೆ ಹರಡಿ ಇಡೋ ಕ್ರಮ ಹೇಳ್ಕೊಟ್ಟ ಮೇಲೆ ಬ್ಲೆಬ್‌ಗಳ ಆಕಾರವೇ ಬದಲಾಯ್ತು, ಹರಡ್ಕೊಂಡ, ತಗ್ಗಿನ ಬ್ಲೆಬ್‌ಗಳು ಬರೋಕೆ ಶುರುವಾದ್ವು. ಎರಡು, ಕಂಜಂಕ್ಟೈವಾ ಅಂಚಿಗೆ ಔಷಧಿ ತಾಗಬಾರ್ದು. ಅಂಚನ್ನ ಕ್ಲ್ಯಾಂಪ್‌ನಲ್ಲೋ ಮೊಂಡು ಫೋರ್ಸೆಪ್ಸ್‌ನಲ್ಲೋ ಎತ್ತಿ ಹಿಡಿದಿರ್ಬೇಕು, ಯಾಕಂದ್ರೆ ಆ ಅಂಚು ಕೊನೇಲಿ ಹೊಲಿಗೆಯಲ್ಲಿ ಕೂಡ್ಕೋಬೇಕಾದ್ದು, ಅಲ್ಲಿ ಮಾತ್ರ ಗಾಯ ಚೆನ್ನಾಗಿ ಮಾಯ್ಬೇಕು. ಅಸಿಸ್ಟ್ ಮಾಡೋವ್ರು ಈ ಎರಡು ನಿಮಿಷ ಕೈ ಅಲ್ಲಾಡಿಸ್ದೆ ಹಿಡಿಯೋದೇ ದೊಡ್ಡ ಉಪಕಾರ.

ಸಮಯ. ಕೊನೇ ಸ್ಪಂಜ್ ಒಳಗೆ ಹೋದ ಕ್ಷಣ "ಟೈಮ್" ಅಂತ ಸರ್ಜನ್ ಹೇಳ್ಬೇಕು, ನಾವು ಗಡಿಯಾರ ಒತ್ತಬೇಕು, ಅರ್ಧ ನಿಮಿಷಕ್ಕೊಂದು ಸಲ ಕೂಗ್ಬೇಕು. 0.2 ಅಥವಾ 0.4, ಎರಡು-ಮೂರು ನಿಮಿಷ ಅನ್ನೋದು ಈಗ ಸಾಮಾನ್ಯ. ಟ್ಯೂಬ್ ಇಡೋ ಆಪರೇಷನ್ನನ್ನ ಟ್ರ್ಯಾಬ್ ಜೊತೆ ಹೋಲಿಸಿದ ಅಮೆರಿಕದ ಟ್ಯೂಬ್ ವರ್ಸಸ್ ಟ್ರ್ಯಾಬ್ ಸ್ಟಡೀಲಿ 0.4 ಎಂಜಿ/ಎಂಎಲ್ ಔಷಧಿನ 4 ನಿಮಿಷ ಇಟ್ಟಿದ್ರು, ಅವರೇ ಮುಂದೆ ಮಾಡಿದ ಸ್ಟಡೀಲಿ ಅದನ್ನ 2 ನಿಮಿಷಕ್ಕೆ ಇಳಿಸಿದ್ರು, ಇದೊಂದರಲ್ಲೇ ಗೊತ್ತಾಗತ್ತೆ ಕಾಲ ಯಾವ ಕಡೆ ಹೋಗ್ತಿದೆ ಅಂತ.

ಆಮೇಲೆ ತೆಗೆಯೋದು, ಎಣಿಸೋದು, ತೊಳೆಯೋದು, ಇದೇ ಕ್ರಮದಲ್ಲಿ. ತೆಗೆದ ಒಂದೊಂದು ತುಂಡನ್ನೂ ಕಿಡ್ನಿ ಟ್ರೇಯಲ್ಲಿ ಸಾಲಾಗಿ ಇಡಿ, ಗುಡ್ಡೆ ಹಾಕ್ಬೇಡಿ. ಎಣಿಕೆ ಸರಿಹೋದ್ಮೇಲೆ 20-30 ಎಂಎಲ್ ಬಿಎಸ್‌ಎಸ್‌ನಲ್ಲಿ ಜೇಬಿನೊಳಗೆ, ಹೊರಗೆ, ಕಾರ್ನಿಯಾ ಮೇಲೆ ಎಲ್ಲಾ ತೊಳೀಬೇಕು. ಎಂಎಂಸಿ ಮುಟ್ಟಿದ ಫೋರ್ಸೆಪ್ಸ್, ಕತ್ತರಿ ಎಲ್ಲಾ ಟೇಬಲ್‌ನಿಂದ ಪಕ್ಕಕ್ಕೆ, ಮತ್ತೆ ಕಣ್ಣಿನ ಹತ್ರ ಬರೋ ಹಾಗಿಲ್ಲ, ಗ್ಲೌಸ್ ಮೇಲಿನ ಜೊತೆ ಬಿಚ್ಚಿ ಹಾಕಿ. ಕಣ್ಣೊಳಗೆ ತೂತು ಮಾಡೋ ಮೊದ್ಲೇ ಇದೆಲ್ಲ ಮುಗಿದಿರ್ಬೇಕು, ಒಂದು ಹನಿ ಒಳಗೆ ಹೋದ್ರೂ ಕಾರ್ನಿಯಾ ಒಳಪದರದ ಜೀವಕೋಶಗಳು ಸಾಯ್ತಾವೆ, ಅವು ಮತ್ತೆ ಹುಟ್ಟಲ್ಲ. ಕೆಲವ್ರು ಫ್ಲಾಪ್ ಮಾಡಿದ್ಮೇಲೆ ಅದರಡಿಗೂ ಸ್ಪಂಜ್ ಇಡ್ತಾರೆ, ನಮ್ಮ ಸರ್ಜನ್ ಮೇಡಂ ಮಾತ್ರ ಫ್ಲಾಪ್ ಮುಟ್ಟೋ ಮೊದ್ಲೇ ಔಷಧಿ ಇಟ್ಟು ತೊಳೆದು ಮುಗಿಸ್ತಾರೆ, ಫ್ಲಾಪ್ ಬಿಡಿಸುವಾಗ ಅಕಸ್ಮಾತ್ ಒಳಗೆ ಹೊಕ್ಕಿಬಿಟ್ರೆ ಆಮೇಲೆ ಎಂಎಂಸಿ ಹತ್ರಕ್ಕೂ ತರೋ ಹಾಗಿಲ್ಲ ಅಂತ. ನನಗೂ ಅದೇ ಸರಿ ಅನ್ಸತ್ತೆ.

ಎಣಿಕೆ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಮುಂಚೆ ಕೆಲಸ ಮಾಡ್ತಿದ್ದ ಒಂದು ಕಡೆ, ಆಗಿನ್ನೂ ನಾನು ಹೊಸಬಳು, ನಾಲ್ಕು ತುಂಡು ಕೊಟ್ಟೆ, ನಾಲ್ಕು ವಾಪಸ್ ಬಂತು. ತೊಳೆದಾಯ್ತು. ಟ್ರೇ ನೋಡ್ತಾ ಇದ್ದಾಗ ಒಂದು ತುಂಡು ಮಿಕ್ಕಿದ್ದಕ್ಕಿಂತ ಚಿಕ್ಕದಾಗಿ ಕಾಣ್ತು, ಅಂಚು ಹರಿದ ಹಾಗೆ. ಹೇಳ್ಲಾ ಬೇಡ್ವಾ ಅಂತ ಗಂಟಲಲ್ಲೇ ಮಾತು ಸಿಕ್ಕಾಕ್ಕೊಂಡಿತ್ತು, ಕೊನೆಗೆ "ಸರ್, ಒಂದು ಪೀಸ್ ಚಿಕ್ಕದಿದೆ" ಅಂದೆ. ಮತ್ತೆ ಜೇಬು ಎತ್ತಿ ಹುಡುಕಿದ್ರು. ಒಳಗಿಟ್ಟಾಗ ನೇರಳೆ ಇದ್ದ ಸ್ಪಂಜ್ ತೊಳೆದ ಮೇಲೆ ಬಣ್ಣ ಬಿಟ್ಟು ಮಾಸಲು ಬಿಳಿ ಆಗಿರತ್ತೆ, ಟೀನನ್ಸ್ ಕೂಡ ಅದೇ ಬಣ್ಣ, ರಕ್ತ ಬೇರೆ ಸ್ವಲ್ಪ ಹತ್ತಿರತ್ತೆ, ಮೈಕ್ರೋಸ್ಕೋಪ್ ಅಡಿಯಲ್ಲೂ ಎರಡನ್ನೂ ಬೇರೆ ಮಾಡೋದು ಕಷ್ಟ. ಸಾಸಿವೆಗಿಂತ ಸ್ವಲ್ಪ ದೊಡ್ಡ ಚೂರು, ಮೂಲೇಲಿ ಸಿಕ್ತು. ಹಾಗೇ ಹೊಲಿಗೆ ಹಾಕಿದ್ರೆ ಆ ಕಣ್ಣಿನ ಗತಿ ಏನಾಗ್ತಿತ್ತೋ, ನೆನೆಸ್ಕೊಂಡ್ರೆ ಈಗ್ಲೂ ಎದೆ ಧಸಕ್ ಅನ್ನತ್ತೆ. ಅದಕ್ಕೇ ಎಣಿಕೆ ಅಂದ್ರೆ ಬರೀ ಸಂಖ್ಯೆ ಅಲ್ಲ, ಪ್ರತಿ ತುಂಡೂ ಇಡೀದಾಗಿ ಬಂದಿದ್ಯಾ ಅಂತ ನೋಡೋದು.

ಇಂಜೆಕ್ಷನ್ ದಾರಿ

ಇದರಲ್ಲಿ ಕಂಜಂಕ್ಟೈವಾ ಬಿಡಿಸೋ ಮೊದ್ಲೇ, 30 ಗೇಜ್ ಸೂಜಿಯಲ್ಲಿ, ಲಿಂಬಸ್‌ನಿಂದ ಸುಮಾರು 8-10 ಮಿಮೀ ಹಿಂದೆ, ಮೇಲ್ಭಾಗದಲ್ಲಿ, ಕಂಜಂಕ್ಟೈವಾ-ಟೀನನ್ಸ್ ಅಡಿಗೆ ಸಾಮಾನ್ಯವಾಗಿ 0.1 ಎಂಎಲ್ ಔಷಧಿ ಬಿಡ್ತಾರೆ. ಆಮೇಲೆ ಒದ್ದೆ ಬಡ್‌ನಲ್ಲೋ ಮಸಲ್ ಹುಕ್‌ನಲ್ಲೋ ಅಕ್ಕಪಕ್ಕಕ್ಕೆ ನಿಧಾನಕ್ಕೆ ಉರುಳಿಸಿ ಹರಡ್ತಾರೆ, ಲಿಂಬಸ್ ಕಡೆಗೆ ತಳ್ಳಲ್ಲ.

ಲೆಕ್ಕ ನೋಡಿ. 0.1 ಎಂಜಿ/ಎಂಎಲ್ ಔಷಧಿ 0.1 ಎಂಎಲ್ ಕೊಟ್ರೆ ಒಳಗೆ ಹೋಗೋದು 10 ಮೈಕ್ರೋಗ್ರಾಂ. 0.2 ಆದ್ರೆ 20. 0.4 ಆದ್ರೆ 40. ಸ್ಪಂಜ್‌ನಲ್ಲಿ ಕಣ್ಣಿಗೆ ನಿಜವಾಗ್ಲೂ ಎಷ್ಟು ಇಳೀತು ಅಂತ ಯಾರೂ ಹೇಳೋಕಾಗಲ್ಲ, ಸ್ಪಂಜ್ ಯಾವುದು, ಎಷ್ಟು ಹೀರ್ಕೊಂಡಿತ್ತು, ಎಷ್ಟು ಹೊತ್ತು ಇತ್ತು, ಎಲ್ಲದರ ಮೇಲೂ ಹೋಗತ್ತೆ. ಇಂಜೆಕ್ಷನ್‌ನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಹೇಳಬಹುದು, ಇದು ಅದರ ದೊಡ್ಡ ಗುಣ. ಆದ್ರೆ ಅದರ ದೊಡ್ಡ ಅಪಾಯವೂ ಅಲ್ಲೇ ಇದೆ. ಸ್ಪಂಜ್ ತಪ್ಪಾಗಿದೆ ಅಂತ ಗೊತ್ತಾದ್ರೆ ಅರ್ಧ ನಿಮಿಷಕ್ಕೇ ಎತ್ತಿ ತೊಳೀಬಹುದು. ಇಂಜೆಕ್ಷನ್ ಒಳಗೆ ಹೋಯ್ತು ಅಂದ್ರೆ ಹೋಯ್ತು, ವಾಪಸ್ ಎಳೆಯೋಕಾಗಲ್ಲ, ಎಷ್ಟು ತೊಳೆದ್ರೂ ಪದರದೊಳಗೆ ಇಂಗಿದ್ದು ಬರಲ್ಲ. ಹಾಗಾಗಿ ಒಂದೇ ಲಿಸ್ಟ್‌ನಲ್ಲಿ ಬೆಳಗ್ಗೆ ಸ್ಪಂಜ್ ಕೇಸ್‌ಗೆ 0.4 ಕಲಸಿ, ಮುಂದಿನ ಕೇಸ್ ಇಂಜೆಕ್ಷನ್ ಅಂದಾಗ ಅದೇ ಸಿರಿಂಜ್ ಕೈಗೆ ಬಂದುಬಿಟ್ರೆ, 10 ಮೈಕ್ರೋಗ್ರಾಂ ಹೋಗ್ಬೇಕಾದ ಕಡೆ 40 ಹೋಗತ್ತೆ. ನಾನು ಲೇಬಲ್ ಮೇಲೆ ಸ್ಪಂಜ್, ಇಂಜೆಕ್ಷನ್ ಅಂತ ದೊಡ್ಡದಾಗಿ ಬರೀರಿ ಅಂದಿದ್ದು ಇದಕ್ಕೇ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ಪಂಜ್ ಔಷಧಿನ ಯಾವತ್ತೂ ಸಿರಿಂಜ್‌ನಲ್ಲಿ ಟೇಬಲ್ ಮೇಲೆ ಬಿಡಲ್ಲ, ಚಿಕ್ಕ ಬಟ್ಟಲು, ಅಂದ್ರೆ ಗ್ಯಾಲಿಪಾಟ್‌ಗೆ ಹಾಕಿ ಸಿರಿಂಜ್ ಹೊರಗೆ. ಟೇಬಲ್ ಮೇಲೆ ನೇರಳೆ ಬಣ್ಣದ ಸಿರಿಂಜ್ ಇದ್ರೆ ಅದು ಇಂಜೆಕ್ಷನ್‌ದು ಮಾತ್ರ.

1 ಎಂಎಲ್ ಸಿರಿಂಜ್ ಬಳಸಿ, ದೊಡ್ಡದರಲ್ಲಿ 0.1ರ ಗೆರೆ ಹಿಡಿಯೋದು ಆಗದ ಮಾತು. ಸೂಜಿಯ ಬುಡದಲ್ಲಿ ಸ್ವಲ್ಪ ಔಷಧಿ ನಿಂತ್ಕೊಳ್ಳತ್ತೆ, ಅದಕ್ಕೆ ಮೊದ್ಲು ಸ್ವಲ್ಪ ಜಾಸ್ತಿ ಎಳ್ಕೊಂಡು, ಸೂಜಿ ಹಾಕಿ, ಗಾಳಿ ತೆಗೆದು, ತುದೀಲಿ ಒಂದು ಹನಿ ಕಾಣೋವರೆಗೂ ಗಾಜ್ ತುಂಡಿನ ಮೇಲೆ ತಳ್ಳಿ, ಪಿಸ್ಟನ್ ಸರಿಯಾಗಿ 0.1ರ ಗೆರೆಗೆ ನಿಲ್ಲಿಸಿ ಕೊಡಿ. ಆ ಹನಿ ಗಾಜ್ ಮೇಲೇ ಬೀಳ್ಬೇಕು, ಡ್ರೇಪ್ ಮೇಲಲ್ಲ, ಕಣ್ಣಿನ ಮೇಲಂತೂ ಅಲ್ಲವೇ ಅಲ್ಲ. ಸೂಜಿ ತುದಿಯಲ್ಲಿ ಉಳ್ಕೊಂಡ ಹನಿನ ಒರೆಸಿ ಕೊಡಿ. ಮರಗಟ್ಟಿಸೋ ಲಿಗ್ನೋಕೇನ್ ಜೊತೆ ಬೆರೆಸಿ ಅಂತ ಸರ್ಜನ್ ಹೇಳಿದ್ರೆ ಸಮಸಮ ಬೆರೆಸಿದಾಗ ಸ್ಟ್ರೆಂಗ್ತ್ ಅರ್ಧ ಆಗತ್ತೆ ಅನ್ನೋದು ನೆನಪಿರ್ಲಿ, ಬೆರೆಸಿದ ಮೇಲಿನ ಸ್ಟ್ರೆಂಗ್ತ್ ಲೇಬಲ್ ಮೇಲೆ ಬರೀಬೇಕು, ಬೆರೆಸೋ ಮೊದಲಿಂದಲ್ಲ.

ಚುಚ್ಚೋವಾಗ ಸೂಜಿ ಕಣ್ಣಿಗೆ ಅಡ್ಡಡ್ಡಲಾಗಿ, ತುದಿ ಪದರದಡಿ ಕಾಣ್ತಾನೇ ಇರ್ಬೇಕು, ರಕ್ತನಾಳ ತಪ್ಪಿಸ್ಬೇಕು. ನಾಳಕ್ಕೆ ತಾಗಿದ್ರೆ ಪದರದಡಿ ರಕ್ತ ಹರಡಿ ಕೆಂಪಾಗಿ, ಮುಂದಿನ ಕೆಲಸಕ್ಕೆ ಏನೂ ಕಾಣಲ್ಲ, ಮೇಲಾಗಿ ರಕ್ತ ಇರೋ ಕಡೆ ನಾರು ಜಾಸ್ತಿ ಬೆಳೆಯತ್ತೆ, ಅಂದ್ರೆ ಯಾವುದನ್ನ ತಡೆಯೋಕೆ ಹೊರಟಿದ್ವೋ ಅದಕ್ಕೇ ಗೊಬ್ಬರ ಹಾಕಿದ ಹಾಗೆ. ಸೂಜಿ ತೆಗೆದ ತೂತಿಂದ ವಾಪಸ್ ಒಸರೋದನ್ನ ಒಣ ಬಡ್‌ನಲ್ಲಿ ಒತ್ತಿ ಹಿಡ್ಕೊಂಡು, ಕಾರ್ನಿಯಾ ಮೇಲೆ ಚೆನ್ನಾಗಿ ತೊಳೆದು, ಆಮೇಲೆ ಕಂಜಂಕ್ಟೈವಾ ಬಿಡಿಸೋದು. ಬಿಡಿಸಿದ್ಮೇಲೆ ಒಳಗೂ ತೊಳೀಬೇಕು.

ಯಾವುದು ಒಳ್ಳೇದು?

ಪ್ರೆಶರ್ ಇಳಿಸೋ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಅಂತಾನೇ ಹೋಲಿಸಿ ನೋಡಿದವ್ರು ಹೇಳಿರೋದು. ಇರಾನ್‌ನ ಡಾಕ್ಟ್ರುಗಳು ಚೀಟಿ ಎತ್ತಿದ ಹಾಗೆ ಪೇಷಂಟ್‌ಗಳನ್ನ ಎರಡು ಗುಂಪು ಮಾಡಿ ನೋಡಿ 2017ರಲ್ಲಿ ಪ್ರಕಟಿಸಿದ್ರು, ಪ್ರೆಶರ್ ಎರಡೂ ಕಡೆ ಹತ್ತಿರ ಹತ್ತಿರ, ಆದ್ರೆ ಇಂಜೆಕ್ಷನ್ ಗುಂಪಲ್ಲಿ ಬ್ಲೆಬ್ ಇನ್ನೂ ಅಗಲವಾಗಿ, ತಗ್ಗಾಗಿ ಹರಡ್ಕೊಂಡಿತ್ತು. ಟೇಬಲ್ ಪಕ್ಕದಿಂದ ನನಗೂ ಹಾಗೇ ಕಂಡಿದೆ.

ನನ್ನನ್ನ ಕೇಳಿದ್ರೆ, ಮೊದಲ ಸಲ ಆಪರೇಷನ್ ಆಗ್ತಿರೋ, ಕಂಜಂಕ್ಟೈವಾ ಸಡಿಲವಾಗಿ ಜಾರೋ ಕಣ್ಣಿಗೆ ಇಂಜೆಕ್ಷನ್ ಅಚ್ಚುಕಟ್ಟು. ಸ್ಪಂಜ್ ಕಳೆದುಹೋಗೋ ಭಯವೇ ಇಲ್ಲ, ಅಂಚಿಗೆ ಔಷಧಿ ತಾಗೋದು ಕಮ್ಮಿ, ಕಂಜಂಕ್ಟೈವಾನ ಪದೇ ಪದೇ ಎಳೆದಾಡೋದು ತಪ್ಪತ್ತೆ, ಕೆಲವು ನಿಮಿಷವೂ ಉಳಿಯತ್ತೆ. ಆದ್ರೆ ಮುಂಚೆ ಆಪರೇಷನ್ ಆಗಿ ಪದರ ಸ್ಕ್ಲೀರಾಗೆ ಅಂಟಿರೋ ಕಣ್ಣಲ್ಲಿ ಇಂಜೆಕ್ಷನ್ ಕೊಟ್ಟು ನೋಡಿ, ಔಷಧಿ ಅಂಟಿರೋ ಕಡೆ ಹೋಗಲ್ಲ, ಸಡಿಲ ಇರೋ ಕಡೆಗೆ ಓಡತ್ತೆ, ಎಲ್ಲಿ ಬೇಕೋ ಅಲ್ಲಿ ಬಿಟ್ಟು ಮಿಕ್ಕಿದ ಕಡೆ ಎಲ್ಲಾ. ಅಲ್ಲಿ ಮೊದ್ಲು ನಿಧಾನಕ್ಕೆ ಬಿಡಿಸಿ, ಕಣ್ಣಾರೆ ನೋಡಿ, ನಾರು ಇರೋ ಕಡೆ ಸ್ಪಂಜ್ ಇಡೋದೇ ವಾಸಿ. ಇನ್ನು ಹೊಸ ಟೀಮ್, ಕಲಸೋವ್ರು ದಿನಕ್ಕೊಬ್ರು ಬದಲಾಗ್ತಾರೆ, ಲೇಬಲ್ ಶಿಸ್ತು ಇನ್ನೂ ಕೂತಿಲ್ಲ ಅನ್ನೋ ಕಡೆ ನಾನು ಸ್ಪಂಜ್ ಪರ, ಯಾಕಂದ್ರೆ ಅಲ್ಲಿ ತಪ್ಪನ್ನ ಸರಿ ಮಾಡೋಕೆ ಅವಕಾಶ ಇದೆ.

ಯಾವ ದಾರಿ ಆದ್ರೂ ಡೋಸ್ ಪೇಷಂಟ್ ನೋಡಿ ಬದಲಾಗತ್ತೆ. ಚಿಕ್ಕ ವಯಸ್ಸು, ಹಳೇ ಆಪರೇಷನ್, ಯೂವಿಯೈಟಿಸ್ (ಕಣ್ಣೊಳಗಿನ ಉರಿಯೂತ), ವರ್ಷಗಟ್ಟಲೆ ಮೂರ್ನಾಲ್ಕು ಥರ ಡ್ರಾಪ್ಸ್ ಹಾಕ್ಕೊಂಡು ಕೆಂಪಾಗಿರೋ ಕಣ್ಣು, ಇಂಥವ್ರಲ್ಲಿ ನಾರು ಬೇಗ ಬೆಳೆಯತ್ತೆ, ಸರ್ಜನ್ ಡೋಸ್ ಏರಿಸ್ತಾರೆ. ವಯಸ್ಸಾಗಿ ಪದರ ಹಪ್ಪಳದ ಹಾಗೆ ತೆಳ್ಳಗಿರೋರಿಗೆ ಇಳಿಸ್ತಾರೆ. ಮೈನಸ್ ಪವರ್ ಜಾಸ್ತಿ ಇರೋ ಎಳೇ ವಯಸ್ಸಿನವ್ರಲ್ಲಿ ವಿಶೇಷ ಎಚ್ಚರ, ಅವ್ರಲ್ಲಿ ಪ್ರೆಶರ್ ತೀರಾ ಇಳಿದುಬಿಟ್ರೆ ಕಣ್ಣಿನ ಹಿಂಪರದೆ ಮಡಚಿ ದೃಷ್ಟಿ ಮಂಜಾಗತ್ತೆ. ಕೇಸ್ ಶುರುವಾಗೋ ಮೊದ್ಲು ಕೇಸ್‌ಶೀಟ್ ಓದಿ, "ಮೇಡಂ, ಇವ್ರಿಗೆ ಮೈನಸ್ 9 ಇದೆ, ಎಷ್ಟು ಕಲಸ್ಲಿ" ಅಂತ ಕೇಳೋ ಸಿಸ್ಟರ್ ಇದ್ರೆ ಯಾವ ಸರ್ಜನ್‌ಗೂ ಧೈರ್ಯ.

5-ಎಫ್‌ಯು ಈಗ್ಲೂ ಇದೆ. ಟೇಬಲ್ ಮೇಲೆ ಸ್ಪಂಜ್‌ನಲ್ಲಿ 50 ಎಂಜಿ/ಎಂಎಲ್, 5 ನಿಮಿಷ ಇಡೋದುಂಟು, ಕಲಸೋ ಕೆಲಸ ಇಲ್ಲ, ವಯಲ್‌ನಲ್ಲೇ ಆ ಸ್ಟ್ರೆಂಗ್ತ್ ಬರತ್ತೆ. ಜಾಸ್ತಿ ಬೇಕಾಗೋದು ಆಮೇಲೆ ಓಪಿಡಿಯಲ್ಲಿ, ಬ್ಲೆಬ್ ಕೆಂಪಾಗಿ ಚಪ್ಪಟೆ ಆಗ್ತಿದೆ ಅನ್ನಿಸ್ದಾಗ 0.1 ಎಂಎಲ್, ಅಂದ್ರೆ 5 ಎಂಜಿ. ಅದಕ್ಕೂ ಮೊದ್ಲು ಫ್ಲೋರೆಸಿನ್ ಸ್ಟ್ರಿಪ್ ಹಚ್ಚಿ ನೀಲಿ ಬೆಳಕಲ್ಲಿ ಬ್ಲೆಬ್ ಸೋರ್ತಿಲ್ಲ ಅಂತ ನೋಡಿಸಿ, ಸೋರ್ತಿದ್ರೆ ಕೊಡೋ ಹಾಗಿಲ್ಲ. ಕೊಟ್ಮೇಲೆ ಕಣ್ಣು ತೊಳೀರಿ, ಅದು ಕ್ಷಾರದ ಗುಣದ ಔಷಧಿ, ಕಾರ್ನಿಯಾ ಸುಡತ್ತೆ.

ಕೇಸ್ ಮುಗಿದ್ಮೇಲೆ ಉಳಿದ ಎಂಎಂಸಿ, ವಯಲ್, ಸ್ಪಂಜ್, ಅದು ತಾಗಿದ ಗಾಜ್, ಗ್ಲೌಸ್ ಎಲ್ಲಾ ಸೈಟೋಟಾಕ್ಸಿಕ್ ಅಂತ ಗುರುತು ಹಾಕಿದ ಹಳದಿ ಬ್ಯಾಗ್‌ಗೆ, 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲೂ ಹಾಗೇ ಇದೆ. ಸಿಂಕ್‌ಗೆ ಚೆಲ್ಲೋದು ಬೇಡ. ಕಸ ತಗೊಂಡು ಹೋಗೋ ಅಣ್ಣಂದಿರಿಗೂ ಇದರಲ್ಲಿ ಏನಿದೆ ಅಂತ ಒಂದು ಮಾತು ಹೇಳಿ, ಅವ್ರಿಗೆ ಯಾರೂ ಹೇಳಿರಲ್ಲ.

ಕೊನೇದಾಗಿ ಬರೆಯೋದು. ಬಹಳ ಕೇಸ್‌ಶೀಟ್‌ಗಳಲ್ಲಿ "ಟ್ರ್ಯಾಬ್ ವಿತ್ ಎಂಎಂಸಿ" ಅಂತ ಇಷ್ಟೇ ಇರತ್ತೆ. ಆರು ವರ್ಷ ಆದ್ಮೇಲೆ ಆ ಪೇಷಂಟ್ ಬ್ಲೆಬ್ ಸೋರ್ತಿದೆ ಅಂತ ಬೇರೆ ಊರಲ್ಲಿ, ಬೇರೆ ಡಾಕ್ಟ್ರ ಮುಂದೆ ಕೂತಾಗ ಆ ಡಾಕ್ಟ್ರಿಗೆ ಬೇಕಾಗೋದು ಎಷ್ಟು, ಹೇಗೆ, ಎಷ್ಟು ಹೊತ್ತು ಅನ್ನೋದು. ನಮ್ಮಲ್ಲಿ ಹೀಗೆ ಬರೀತೀವಿ: ಎಂಎಂಸಿ 0.2 ಎಂಜಿ/ಎಂಎಲ್, ಸ್ಪಂಜ್ ಕೊಟ್ಟಿದ್ದು 4, ವಾಪಸ್ ಇಡೀದಾಗಿ 4, ಸಮಯ 2 ನಿಮಿಷ, ವಾಶ್ 30 ಎಂಎಲ್. ಇಂಜೆಕ್ಷನ್ ಆದ್ರೆ: 0.1 ಎಂಜಿ/ಎಂಎಲ್, 0.1 ಎಂಎಲ್, ಒಟ್ಟು 10 ಮೈಕ್ರೋಗ್ರಾಂ, ಲಿಂಬಸ್‌ನಿಂದ 8 ಮಿಮೀ ಹಿಂದೆ. ಕೆಳಗೆ ಕಲಸಿದವ್ರ ಸಹಿ, ನೋಡಿದವ್ರ ಸಹಿ. ಡಿಸ್ಚಾರ್ಜ್ ಕಾರ್ಡ್‌ಗೂ ಅದೇ ಸಾಲು ಇಳಿಸಿ, ಕೇಸ್‌ಶೀಟ್ ಆಸ್ಪತ್ರೆಯಲ್ಲೇ ಉಳಿಯತ್ತೆ, ಕಾರ್ಡ್ ಪೇಷಂಟ್ ಜೊತೆ ಹೋಗತ್ತೆ.